ರಾಜೀನಾಮೆಗೆ ಕಾವಲು

ಊರಿನ ಟವರ್ ಕೆಟ್ಟು ಫೋನುಗಳೆಲ್ಲ ಮೂಕವಾದ ದಿನವೇ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಗೋದಾಮಿನವನು ಮ್ಯಾನೇಜರಿಗೆ ಫೋನಿನಲ್ಲಿ ರಾಜೀನಾಮೆ ಕಳಿಸಿದ.

ಟವರಿಲ್ಲದೆ ಕಳಿಸುವ ಉಪಾಯ ಮೆಕ್ಯಾನಿಕ್‌ನದು. ಬೆಳಿಗ್ಗೆಯೇ ಒಂದು ಆ್ಯಪ್ ತಂದು, ಕಾರ್ಖಾನೆಯಲ್ಲಿ ಎಲ್ಲರಿಗೂ ಹಾಕಿಕೊಟ್ಟಿದ್ದೇನೆ ಎಂದು ಬೀಗುತ್ತಿದ್ದ. ಯಾರ ನಂಬರಿಗೆ ಬರೆದರೂ ಸಂದೇಶ ಫೋನಿನಿಂದ ಫೋನಿಗೆ ನೇರವಾಗಿ ದಾಟುತ್ತದೆ. ಸೇರಬೇಕಾದವರು ದೂರವಿದ್ದರೆ, ಹತ್ತಿರ ಸಿಗುವವರೆಗೆ ನಡುವಿನವರ ಫೋನಿನಲ್ಲಿ ಕಾದು ಕೂತಿರುತ್ತದೆ. ನಡುವಿನವರು ಅದನ್ನು ಓದಲಾಗದು. "ಈ ಕಾರ್ಖಾನೇಲಿ ಹೊಟ್ಟೇಲಿ ಗುಟ್ಟು ನಿಲ್ಲೋದು ಫೋನುಗಳಿಗೆ ಮಾತ್ರ," ಎಂದಿದ್ದ.

ಗೋದಾಮಿನವನಿಗೆ ಧೈರ್ಯ ತುಂಬಿದ್ದು ಭಾವ. ಹೆಂಡತಿಯ ಅಣ್ಣನಾದ ಆತ ಅಲ್ಲಿಯೇ ವ್ಯಾನ್ ಓಡಿಸುತ್ತಿದ್ದ. ಸ್ವಂತ ಸಾಗಣೆ ಕಂಪನಿ ತೆರೆದು ತಂಗಿಯ ಗಂಡನನ್ನೇ ಮ್ಯಾನೇಜರ್ ಮಾಡುವವನಿದ್ದ. ಹಾಗಾಗಿ ವರ್ಷಗಳಿಂದ ನುಂಗಿಕೊಂಡದ್ದನ್ನು ಗೋದಾಮಿನವನು ಬರೆದೇಬಿಟ್ಟ: 'ಇನ್ನು ನಿಮ್ಮ ಕೈಕೆಳಗೆ ದುಡಿಯಲಾರೆ. ನಿಮ್ಮ ಮುಖ ಕಂಡ ದಿನ ನಮ್ಮ ಗೋಂದು ಕೂಡ ಅಂಟುವುದಿಲ್ಲ.'

ಕಳಿಸಿ, ಮೂಟೆ ಇಳಿಸಿದ ಹಮಾಲಿಯಂತೆ ಕೂತಿದ್ದಾಗ ಭಾವ ಬಂದ.

"ಪಾಲುದಾರ ಕೈ ಎತ್ತಿಬಿಟ್ಟ ಕಣಯ್ಯ. ಕಂಪನಿ ಗಿಂಪನಿ ಸದ್ಯಕ್ಕಿಲ್ಲ. ನೀನೇನೂ ಅವಸರ ಮಾಡಿಲ್ಲ ತಾನೆ?"

"ಇಲ್ಲ ಭಾವ."

ಭಾವ ಅತ್ತ ಹೋದದ್ದೇ, ಇವನು ಮೆಕ್ಯಾನಿಕ್ ಬಳಿಗೆ ಓಡಿ ಬೇರೆ ಯಾರದೋ ವಿಷಯವೆಂಬಂತೆ ವಿಚಾರಿಸಿದ. ಅಳಿಸಿದರೆ ತನ್ನ ಫೋನಿನಿಂದ ಹೋಗುತ್ತದೆ, ಊರವರ ಫೋನಿನಿಂದಲ್ಲ ಎಂಬ ಉತ್ತರ ಬಂತು. ಅಂದರೆ ಈಗ ಪ್ರತಿಯೊಬ್ಬರ ಜೇಬಿನಲ್ಲೂ ಅವನ ರಾಜೀನಾಮೆ ಓಡಾಡುತ್ತಿತ್ತು. ಮ್ಯಾನೇಜರು ಮಾತ್ರ ಮೇಲಿನ ಕೋಣೆಯಿಂದ ಇನ್ನೂ ಇಳಿದಿರಲಿಲ್ಲ. ಯಾವ ಫೋನೂ ಅವರನ್ನು ಸಮೀಪಿಸಬಾರದು. ಗೋದಾಮಿನವನು ಮೆಟ್ಟಿಲ ಬುಡದಲ್ಲಿ ಕಾವಲು ನಿಂತ.

ಮೊದಲು ಬಂದವಳು ಗೋಂದು ಕಾಯಿಸುವ ಅಕ್ಕ, ರಜೆ ಕೇಳಲು. ಸಾಹೇಬರಿಗೆ ಕಣ್ಣುಬೇನೆ, ಹತ್ತಿರ ಹೋದವರಿಗೂ ಬರುತ್ತದೆ ಎಂದು ಹೇಳಿದ. ಅವಳು ಹಿಂತಿರುಗಿದಳು. ಬದುಕಿದೆ ಎಂದುಕೊಂಡ. ಆದರೆ ಅಕ್ಕನೂ ಆ್ಯಪ್ ಕಲಿತಿದ್ದಳು. ಇವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸಾಹೇಬರ ಕಣ್ಣುಬೇನೆಯ ಸುದ್ದಿ ಮೂಲೆಮೂಲೆಗೂ ಮುಟ್ಟಿತ್ತು. ಕತ್ತರಿಸುವವರು, ಮಡಿಸುವವರು, ಪಿನ್ ಹೊಡೆಯುವವರು, ಒಬ್ಬ ಕಣ್ಣಿನ ಹನಿ ಹಿಡಿದು, ಒಬ್ಬಳು ಕಪ್ಪು ಕನ್ನಡಕ ಹಿಡಿದು, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮೆಟ್ಟಿಲಿಗೆ ಮುತ್ತಿದರು. ಸಾಹೇಬರನ್ನು ಕಂಡರಾಗದವರೇ ಮುಂದಿದ್ದರು.

"ಫೋನಿನ ಬೆಳಕು ಆ ಕಣ್ಣಿಗೆ ಆಗಲ್ಲ," ಎಂದ ಗೋದಾಮಿನವನು ದಿಕ್ಕುಗಾಣದೆ. "ಎಲ್ಲ ಈ ಪೆಟ್ಟಿಗೇಲಿ ಹಾಕಿ."

ನಂಬಿಸಲು ತನ್ನದನ್ನೇ ಮೊದಲು ಹಾಕಿದ. ಉಳಿದವರೂ ಹಾಕಿದರು. ತುಂಬಿದ ಪೆಟ್ಟಿಗೆಯನ್ನು ಅಪ್ಪಿಕೊಂಡು ಇನ್ನೇನು ಗೋದಾಮಿಗೆ ಹೊರಡಬೇಕು, ಗದ್ದಲ ಕೇಳಿ ಮ್ಯಾನೇಜರೇ ಇಳಿದು ಬಂದರು. ಕಣ್ಣುಗಳು ತೊಳೆದ ಗಾಜಿನಂತಿದ್ದವು.

ಗೋದಾಮಿನವನು ಕಿವಿಗೊಟ್ಟ. ಅವರ ಜೇಬು ಸದ್ದು ಮಾಡಲಿಲ್ಲ.

"ಇಷ್ಟೊಂದು ಫೋನು ಯಾಕ್ರೀ?"

ಮೆಕ್ಯಾನಿಕ್ ಆ್ಯಪಿನ ಮಹಿಮೆಯನ್ನೆಲ್ಲ ವಿವರಿಸಿದ.

"ಎಲ್ಲರಿಗೂ ಇದೆ, ನನಗೊಬ್ಬನಿಗೆ ಇಲ್ವಾ?" ದನಿಯಲ್ಲಿ ಆಟಕ್ಕೆ ಸೇರಿಸಿಕೊಳ್ಳದ ಮಗುವಿನ ನೋವಿತ್ತು.

"ನಿಮ್ಮನ್ನ ಕೇಳೋಕೆ ಭಯ ಆಯ್ತು ಸಾರ್," ಎಂದ ಮೆಕ್ಯಾನಿಕ್.

ಆ್ಯಪೇ ಇಲ್ಲದವರಿಗೆ ತಾನು ಇಷ್ಟು ಹೊತ್ತು ಕಾವಲಿದ್ದೆ ಎಂಬುದು ಗೋದಾಮಿನವನಿಗೆ ಆಗ ತಿಳಿಯಿತು. "ಅದೇನೂ ಚೆನ್ನಾಗಿಲ್ಲ ಸಾರ್, ನಿಮಗ್ಯಾಕೆ," ಎಂದು ನೋಡಿದ. ಮ್ಯಾನೇಜರು ಆಗಲೇ ತಮ್ಮ ಫೋನನ್ನು ಮೆಕ್ಯಾನಿಕ್ ಕೈಗಿಟ್ಟಿದ್ದರು. ಆ್ಯಪನ್ನು ದಾಟಿಸಲೂ ಟವರ್ ಬೇಕಿರಲಿಲ್ಲ.

ಫೋನು ಟಿಣ್ ಎಂದಿತು. ಮ್ಯಾನೇಜರು ಓದಿದರು. ಮತ್ತೊಮ್ಮೆ ಓದಿದರು. ತಲೆಯೆತ್ತಿ ಗೋದಾಮಿನವನನ್ನು ನೋಡಿದರು. ಒಂದೇ ಬೆರಳಿನಲ್ಲಿ ನಿಧಾನವಾಗಿ ಏನೋ ಒತ್ತಿ, ಮೆಟ್ಟಿಲು ಹತ್ತಿ ಹೋದರು.

ಅವನ ತೋಳುಗಳ ನಡುವೆ ಪೆಟ್ಟಿಗೆ ಗುಂಯ್ ಎಂದಿತು. ಗೋಂದಿನ ಅಕ್ಕ ಬಗ್ಗಿ, ತಳದಲ್ಲಿ ಬೆಳಗಿದ ಫೋನನ್ನು ಎತ್ತಿ ನೋಡಿದಳು.

"ನಿಮ್ದೇ ಅಣ್ಣ. ಸಾಹೇಬ್ರು 'ಒಪ್ಪಿದೆ' ಅಂತ ಕಳಿಸಿದಾರೆ. ಏನು, ಬಡ್ತಿನಾ?"