ಅಪ್ಪ ಕೂರದ ಇಂಜಿನ್ ದೋಣಿ

ಇಂಜಿನ್ ದೋಣಿ ಇಟ್ಟುಕೊಂಡವನಿಗೆ ಇಂಥವು ಒಂದಲ್ಲ ಒಂದು ಆಗುತ್ತಲೇ ಇರುತ್ತವೆ. ಆಗುವಾಗ ಹಣೆ ಚಚ್ಚಿಕೊಳ್ಳುವ ಹಾಗಿರುತ್ತದೆ. ಎಷ್ಟೋ ವರ್ಷ ಕಳೆದು ಜಗಲಿಯಲ್ಲಿ ಕೂತು ಹೇಳಿದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ನನಗೆ ನಗು ಸ್ವಲ್ಪ ತಡವಾಗಿ ಬರುತ್ತದೆ.

ಬಂಟ್ವಾಳದಿಂದ ಬೆಳ್ತಂಗಡಿ ಕಡೆಗೆ ಹೋಗುವ ದಾರಿಯಲ್ಲಿ ನೇತ್ರಾವತಿಗೆ ನಮ್ಮದೊಂದು ಕಡವು ಇತ್ತು. ಕಡವು ಅಂದರೆ ದೋಣಿಯಲ್ಲಿ ಹೊಳೆ ದಾಟಿಸುವ ಜಾಗ. ಸೇತುವೆ ಇರಲಿಲ್ಲ. ಈಚೆ ದಡದಲ್ಲಿ ನಮ್ಮ ಮನೆ, ಆಚೆ ದಡದಲ್ಲಿ ಬಸ್ಸಿನ ರಸ್ತೆ, ನಡುವೆ ಅಪ್ಪ. ನಲವತ್ತು ವರ್ಷ ಬಿದಿರ ಗಳ ಊರಿ ಜನರನ್ನು ದಾಟಿಸಿದವರು. ಗಳದ ತುದಿ ಒತ್ತಿ ಒತ್ತಿ ಅವರ ಬಲ ಎದೆಯ ಮೇಲೆ ಅಡಿಕೆ ಗಾತ್ರದ ಗಂಟು ಕಟ್ಟಿತ್ತು. ಮಳೆಗಾಲದಲ್ಲಿ ಕೆಮ್ಮು ಬಂದರೆ ಅಲ್ಲಿಗೇ ಕೈ ಇಟ್ಟುಕೊಂಡು ಕೂರುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನಾನು ಮಂಗಳೂರು ಬಂದರಿನಲ್ಲಿ ಒಂದು ಲಾಂಚಿನಲ್ಲಿ ಆರು ವರ್ಷ ದುಡಿದೆ. ಐವತ್ತರ ದಶಕ ಮುಗಿಯುತ್ತಾ ಬಂದಾಗ ಧಣಿಗಳು ದೊಡ್ಡ ಲಾಂಚು ತೆಗೆದುಕೊಂಡರು. ಅವರ ಹಳೆಯ ಸಣ್ಣ ಇಂಜಿನ್ ದೋಣಿ ನನ್ನ ಪಾಲಿಗೆ ಬಂತು. ಅಪ್ಪನನ್ನು ಅದರಲ್ಲಿ ಕೂರಿಸಿ, ಕೈಕಾಲು ಆಡಿಸಲು ಬಿಡದೆ, ಒಮ್ಮೆ ಹೊಳೆ ದಾಟಿಸಬೇಕು. ನನಗೆ ಇದ್ದ ಆಸೆ ಅಷ್ಟೇ.

ಅಪ್ಪ ದೋಣಿಗೆ ಒಂದು ಸುತ್ತು ಬಂದರು. ಹಿಂದುಗಡೆ ಕೂರಿಸಿದ್ದ ಇಂಜಿನನ್ನು ನೋಡಿದರು, ಅದನ್ನು ಚಾಲೂ ಮಾಡುವ ಹಗ್ಗವನ್ನು ನೋಡಿದರು. "ನಡುಹೊಳೆಯಲ್ಲಿ ನಿಲ್ಲದೆ ಒಂದು ಮಳೆಗಾಲ ಓಡಲಿ. ಮತ್ತೆ ಕೂರ್ತೇನೆ" ಎಂದರು. ಹೋಗುವಾಗ ತಮ್ಮ ಹಳೆಯ ಗಳವನ್ನು ತಂದು ನನ್ನ ದೋಣಿಯ ಹಲಗೆಗಳ ಅಡಿಗೆ ತೂರಿಸಿದರು. ನನಗೆ ಅವಮಾನ ಆಯಿತು, ತೆಗೆದು ದಡಕ್ಕೆ ಎಸೆದೆ. ಮರುದಿನ ನೋಡಿದರೆ ಗಳ ಮತ್ತೆ ಹಲಗೆಯ ಅಡಿಯಲ್ಲಿತ್ತು. ನಾನು ತೆಗೆಯುವುದು, ಅವರು ಇಡುವುದು ವರ್ಷಗಟ್ಟಲೆ ನಡೆಯಿತು.

ತೆಂಗಿನಕಾಯಿ

ದೋಣಿ ನೀರಿಗೆ ಇಳಿಸುವ ದಿನ ಸೋದರಮಾವ ಬಂದರು. ಹೊಸ ಬಸ್ಸಾಗಲಿ, ಗಾಣವಾಗಲಿ, ಊರಿನಲ್ಲಿ ಯಾರು ಏನು ತಂದರೂ ಕಾಯಿ ಒಡೆಯುವುದು ಅವರೇ. ಕಾಯಿ ಹಿಡಿದುಕೊಂಡು ದೋಣಿಯನ್ನು ಆಚೆಯಿಂದ ಈಚೆ ನೋಡಿ, "ಇದರ ಜೀವ ಇರುವುದು ಎಲ್ಲಿ?" ಎಂದು ಕೇಳಿದರು.

ನಾನು ದೊಡ್ಡ ಜನದ ಹಾಗೆ ಇಂಜಿನನ್ನು ತೋರಿಸಿದೆ. ಆಗಷ್ಟೇ ಪೆಟ್ರೋಲು ಹೊಯ್ದು ಮುಚ್ಚಳ ಕೈಯಲ್ಲೇ ಹಿಡಿದುಕೊಂಡಿದ್ದೆ. ಮಾವ ಭಕ್ತಿಯಿಂದ ಕಾಯಿ ಎತ್ತಿ ಅದರ ನೆತ್ತಿಗೇ ಒಂದು ಬಾರಿಸಿದರು. ಕಾಯಿ ಚೆನ್ನಾಗಿ ಒಡೆಯಿತು. ನೀರೆಲ್ಲ ಟ್ಯಾಂಕಿಗೆ ಹೋಯಿತು.

ಹಗ್ಗ ಎಳೆದು ಎಳೆದು ನನ್ನ ತೋಳು ಬಿತ್ತು. ಸೇರಿದ ಜನ ಬಿಸಿಲಿನಲ್ಲಿ ಕಾದರು, ಆಮೇಲೆ ಒಬ್ಬೊಬ್ಬರಾಗಿ ಅಪ್ಪನ ದೋಣಿಗೆ ಹತ್ತಿದರು. ಅಪ್ಪ ಕೆಮ್ಮುತ್ತಾ ಅವರನ್ನೆಲ್ಲ ದಾಟಿಸಿದರು. ನಾನು ನನ್ನ ದೋಣಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಎರಡು ದಿನ ಬಿಟ್ಟು ಮೂಡುಬಿದಿರೆಯಿಂದ ಮೇಸ್ತ್ರಿ ಬಂದರು. ಅಕ್ಕಿ ಗಿರಣಿಯ ಇಂಜಿನ್ ರಿಪೇರಿ ಮಾಡುವ ಪೊರ್ಬು, ಅಂದರೆ ಕ್ರಿಶ್ಚಿಯನ್ನರು, ನಿಧಾನದ ಮನುಷ್ಯ. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕುಲುಕಿ ಕುಲುಕಿ ಬಂದವರು ಟ್ಯಾಂಕಿನ ಮುಚ್ಚಳ ತೆಗೆದರು, ಮೂಸಿದರು, ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿ ರುಚಿ ನೋಡಿದರು.

"ಇದಕ್ಕೆ ಸೀಯಾಳ ಕೊಟ್ಟದ್ದು ಯಾಕೆ?" ಎಂದು ಕೇಳಿದರು. "ಉಷ್ಣ ಆಗಿತ್ತಾ?"

ಮಾತು ಮುಗಿಯಲಿಲ್ಲ

ನಮ್ಮ ಕಡವಿನಲ್ಲಿ ಬಸಳೆ, ಹರಿವೆ ತುಂಬಿದ ಬುಟ್ಟಿ ಹೊತ್ತು ದಿನವೂ ಬಂಟ್ವಾಳಕ್ಕೆ ಹೋಗುವ ಒಬ್ಬರು ಅಜ್ಜಿ ಇದ್ದರು. ಅಪ್ಪನ ದೋಣಿ ದಾಟಲು ಕಾಲು ಗಂಟೆ ಬೇಕಿತ್ತು. ಆ ಕಾಲು ಗಂಟೆಯಲ್ಲಿ ಅಜ್ಜಿ ತನ್ನ ಸೊಸೆಯ ಸುದ್ದಿ ಹೇಳುವುದು. ಇವತ್ತು ಎಲ್ಲಿಗೆ ನಿಲ್ಲಿಸಿದರೋ ನಾಳೆ ಅಲ್ಲಿಂದಲೇ ಶುರು. ದೋಣಿಯಲ್ಲಿ ಕೂತವರಿಗೆಲ್ಲ ಆ ಸೊಸೆ ಪರಿಚಯ, ಒಬ್ಬರೂ ಅವಳ ಮುಖ ನೋಡಿದವರಲ್ಲ.

ನನ್ನ ದೋಣಿ ನಾಲ್ಕೇ ನಿಮಿಷದಲ್ಲಿ ದಾಟುತ್ತಿತ್ತು. ಮೇಲಿಂದ ಆ ಶಬ್ದ. ಅಜ್ಜಿ ಮೂರು ದಿನ ತಡೆದುಕೊಂಡರು. ನಾಲ್ಕನೆಯ ದಿನ ನಡುಹೊಳೆಯಲ್ಲಿ ನನ್ನ ಬೆನ್ನಿಗೆ ಕುಟ್ಟಿ, "ಆ ಮಿಷಿನು ಸ್ವಲ್ಪ ನಿಲ್ಲಿಸು ಮಗ. ಸೊಸೆ ಸಿಟ್ಟಿನಲ್ಲಿ ಬಾಗಿಲು ಹಾಕಿದಲ್ಲಿಗೆ ಬಂದದ್ದಷ್ಟೇ" ಎಂದರು. ಉಳಿದವರೂ, "ಹೌದು ಮಾರಾಯ, ಅಷ್ಟು ಅವಸರ ಯಾರಿಗೆ ಉಂಟು?" ಎಂದರು.

ಹಿರಿಯರ ಮಾತು ಎಂದು ನಿಲ್ಲಿಸಿದೆ. ಅಜ್ಜಿ ಆರಾಮದಲ್ಲಿ ಕಥೆ ಹೇಳಿದರು. ಅಷ್ಟರಲ್ಲಿ ನೀರು ನಮ್ಮನ್ನು ಎರಡು ಗದ್ದೆಯಷ್ಟು ಕೆಳಗೆ ಒಯ್ದಿತ್ತು. ಹಗ್ಗ ಎಳೆದೆ. ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಗಳ ಹುಡುಕಿದೆ, ಬೆಳಗ್ಗೆ ನಾನೇ ತೆಗೆದು ಎಸೆದಿದ್ದೆ.

ಅಪ್ಪ ತಮ್ಮ ದೋಣಿ ತಂದು ನಮ್ಮದಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ನಡುಹೊಳೆಯಲ್ಲಿ ನಿಂತ ಮೇಲೆ ಆ ಮಳೆಗಾಲದ ಮಾತು ಮುಗಿಯಿತು, ಇನ್ನು ಮುಂದಿನ ವರ್ಷವೇ. ನನ್ನ ಮುಖ ಸಣ್ಣದಾಗಿತ್ತು. ಅಪ್ಪ ನನಗೆ ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆಗೆ ತಿರುಗಲೇ ಇಲ್ಲ. ದಡ ಮುಟ್ಟುವ ಹೊತ್ತಿಗೆ ಅಜ್ಜಿಯ ಹತ್ತಿರ ಮೆಲ್ಲ ಕೇಳಿದರು:

"ಬಾಗಿಲು ತೆಗೆದಳಾ?"

ಕೂಗು

ಆಚೆ ದಡದಲ್ಲಿ ಬಂದವರು "ಓ..." ಎಂದು ಕೂಗಿ ದೋಣಿ ಕರೆಯುವುದು ಕ್ರಮ. ಅಪ್ಪನಿಗೆ ಕೂಗು ಕೇಳಿದರೆ ಸಾಕು, ಬಂದದ್ದು ಅಂಚೆಯವನೋ, ಶಾಲೆಯ ಮಾಸ್ಟ್ರೋ ಎಂದು ತಿಳಿಯುತ್ತಿತ್ತು. ಎಷ್ಟು ಜನ ಇದ್ದಾರೆ ಎಂದೂ ಹೇಳುತ್ತಿದ್ದರು.

ಮಳೆ ಬಿಟ್ಟ ಮೇಲೆ ನಮ್ಮ ನೆರೆಮನೆಯಲ್ಲಿ ಮದುವೆ. ಮದುಮಗನ ದಿಬ್ಬಣ ಬರುವುದು ಶಿರ್ತಾಡಿಯಿಂದ. ದಿಬ್ಬಣ ಬಂದ ಕೂಡಲೇ ಹೊರಡಬೇಕು, ಇಂಜಿನ್ ಆಗ ಕೈಕೊಡಬಾರದು ಎಂದು ನಾನು ಒಂದು ಗಂಟೆ ಮೊದಲೇ ಅದನ್ನು ಚಾಲೂ ಮಾಡಿ ಬಿಸಿ ಮಾಡುತ್ತಾ ಕೂತೆ. ದೋಣಿಗೆ ಮಾವಿನೆಲೆ ಕಟ್ಟಿದ್ದೆ. ನಾನು ಹೊಸ ಅಂಗಿ ಹಾಕಿದ್ದೆ.

ದಿಬ್ಬಣ ಬಂತು, ಆಚೆಯಿಂದ ಕೂಗಿತು. ಮೂವತ್ತು ಜನ ಒಟ್ಟಿಗೆ ಕೂಗಿದರಂತೆ. ಇಂಜಿನಿನ ಶಬ್ದದಲ್ಲಿ ನನಗೆ ನನ್ನ ಉಸಿರೇ ಕೇಳುತ್ತಿರಲಿಲ್ಲ. ಹಗ್ಗ ಕೈಯಲ್ಲಿ ಹಿಡಿದು ಇಂಜಿನಿನ ಮೇಲೆಯೇ ಕಣ್ಣು ಇಟ್ಟಿದ್ದೆ. ಜಗಲಿಯಿಂದ ಅಪ್ಪ ಕೈ ಬೀಸಿದ್ದು ಮಾತ್ರ ಕಣ್ಣಿಗೆ ಬಿತ್ತು. ಗಳ ಇಟ್ಟುಕೋ ಎನ್ನುತ್ತಿದ್ದಾರೆ ಎಂದು ಮುಖ ತಿರುಗಿಸಿದೆ.

ಮುಹೂರ್ತ ಮೀರುತ್ತದೆ ಎಂದು ಅಪ್ಪ ಹಳೆಯ ದೋಣಿಯನ್ನೇ ಇಳಿಸಿದರು. ಮೂರು ಸಲ ಹೋಗಿ ಬಂದು ದಿಬ್ಬಣವನ್ನು ಮೇಲಿನ ಕಡೆಯ ಹಾದಿಯಿಂದ ಮನೆಗೆ ಮುಟ್ಟಿಸಿದರು. ನಾನು ತಲೆ ಎತ್ತಿ ಆಚೆ ನೋಡಿದಾಗ ಕಂಡದ್ದು ಕೊನೆಗೆ ಉಳಿದ ವಾಲಗದವರು ನಾಲ್ಕು ಜನ. ದೊಡ್ಡ ಗೌಜಿಯಲ್ಲಿ ಹೋಗಿ ಅವರನ್ನು ಕರೆತಂದೆ. ಅಷ್ಟರಲ್ಲಿ ವಾಲಗ ಇಲ್ಲದೆ ಧಾರೆ ಆಗಿ ಹೋಗಿತ್ತು.

ಮದುಮಗಳ ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮದುಮಗನನ್ನು ನಿನ್ನ ಅಪ್ಪ ತಂದರು" ಎಂದರು. "ಶಬ್ದ ನೀನು ತಂದೆ."

ಎಲ್ಲರೂ ನಕ್ಕರು. ಆ ದಿನ ಹಳೆಯ ದೋಣಿಯ ಅಡಿ ಕಲ್ಲಿಗೆ ತಾಗಿ ಒಡೆದಿತ್ತು, ಮತ್ತೆ ಅದು ನೀರಿಗೆ ಇಳಿಯಲಿಲ್ಲ. ಅಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು ಒಂದು ವಾರ ಮಲಗಿದರು. ಅವರಿಗೆ ವಿಶ್ರಾಂತಿ ಕೊಡಲು ದೋಣಿ ತಂದವನು ನಾನು.

ಚಿಮಿಣಿ ಎಣ್ಣೆ

ಇಂಜಿನ್ ಹೊರಡಲಿಕ್ಕೆ ಪೆಟ್ರೋಲು, ಓಡಲಿಕ್ಕೆ ಚಿಮಿಣಿ ಎಣ್ಣೆ. ಅರವತ್ತರ ನಂತರ ಚಿಮಿಣಿ ಎಣ್ಣೆ ಸಿಗುವುದು ಕಷ್ಟವಾಯಿತು. ಮನೆಯ ದೀಪಕ್ಕೆ ಬಂದದ್ದೂ ದೋಣಿಗೆ ಹೋಗುತ್ತಿತ್ತು. ಒಂದು ಮುಸ್ಸಂಜೆ ಅಮ್ಮ ಒಲೆಯ ಬೆಳಕಿನಲ್ಲಿ ಗಂಜಿ ಬಡಿಸುತ್ತಾ, "ಯಾರು ಯಾರು ಕೂತಿದ್ದೀರಿ, ಒಬ್ಬೊಬ್ಬರೇ ಹೆಸರು ಹೇಳಿ" ಎಂದರು. ನಾನು ಹೇಳಿದೆ. ಅಪ್ಪ ಕತ್ತಲೆಯಲ್ಲಿ, ಆಚೆ ದಡದಿಂದ ಕರೆಯುವವರ ಹಾಗೆ "ಓ..." ಎಂದರು.

ರೋಗಿ ಯಾರು?

ಮುಂದಿನ ಒಂದು ಮಳೆಗಾಲ ಇಂಜಿನಿಗೆ ಏನಾಯಿತೋ ಗೊತ್ತಿಲ್ಲ, ಒಂದು ದಿನವೂ ನಡುಹೊಳೆಯಲ್ಲಿ ನಿಲ್ಲಲಿಲ್ಲ. ಆಟಿ ತಿಂಗಳು ಕಳೆಯಿತು, ಸೋಣ ಕಳೆಯಿತು. ನಾನು ಹೊರಟರೆ ಅಪ್ಪ, ಇಂಜಿನಿನ ಶಬ್ದ ಆಚೆ ದಡ ಮುಟ್ಟುವವರೆಗೆ ಎಲೆಯಡಿಕೆ ಕೈಯಲ್ಲೇ ಹಿಡಿದು ಕೂತಿರುತ್ತಿದ್ದರು ಎಂದು ಅಮ್ಮ ಹೇಳಿದರು.

"ಮಳೆಗಾಲ ಮುಗಿಯಲು ಇನ್ನು ಹದಿನೈದು ದಿನ ಅಪ್ಪ" ಎಂದೆ.

"ನೋಡುವ" ಎಂದರು.

ಆ ಹದಿನೈದು ದಿನದಲ್ಲೇ ಅವರಿಗೆ ಜ್ವರ ಬಂತು. ಕೆಮ್ಮಿದರೆ ಬಟ್ಟೆಯಲ್ಲಿ ಕೆಂಪು ಕಾಣುತ್ತಿತ್ತು. ಬಂಟ್ವಾಳದ ಡಾಕ್ಟರರ ಹತ್ತಿರ ಹೋಗುವ ಎಂದರೆ, ಹದಿನೈದು ದಿನ ಆಗಲಿ ಎಂದು ಹಟ. ಅಮ್ಮ ಅತ್ತರು. ಕೊನೆಗೆ ಅಪ್ಪ ಒಪ್ಪಿದರು. "ಕೂರುವುದಿಲ್ಲ ಅಂತ ಹೇಳಿದ್ದು. ಮಲಗುವುದಿಲ್ಲ ಅಂತ ಹೇಳಲಿಲ್ಲ" ಎಂದು ದೋಣಿಯಲ್ಲಿ ಚಾಪೆ ಹಾಸಿ ಮಲಗಿ, ಯಾರೂ ನೋಡದ ಹಾಗೆ ಮುಖಕ್ಕೆ ಹೊದಿಕೆ ಎಳೆದುಕೊಂಡರು.

ನಡುಹೊಳೆಗೆ ಬಂದೆವು. ಇಂಜಿನ್ ನಿಂತಿತು.

ನಾನು ಹಗ್ಗ ಎಳೆದೆ. ದೇವರನ್ನು ಕರೆದೆ, ಆಮೇಲೆ ಬೈದೆ, ಅಳುತ್ತಾ ಎಳೆದೆ. ಹೊದಿಕೆ ಅಲ್ಲಾಡಿತು. ಅಪ್ಪ ಎದ್ದರು, ಹಲಗೆಯ ಅಡಿಗೆ ಕೈ ಹಾಕಿ ಗಳ ತೆಗೆದರು. ಅಷ್ಟು ಜ್ವರದಲ್ಲೂ ಅದನ್ನು ಅಲ್ಲಿ ಇಡಿಸಿದ್ದರು. ತಲೆಗೆ ಹೊದಿಕೆ ಸುತ್ತಿಕೊಂಡು, ಗಳದ ತುದಿಯನ್ನು ಎದೆಯ ಆ ಗಂಟಿಗೇ ಕೊಟ್ಟು ಊರಿದರು. ದೋಣಿ ದಡ ಮುಟ್ಟಿತು. ಆ ದಿನವೂ ಅವರನ್ನು ನಾನು ದಾಟಿಸಲಿಲ್ಲ, ಅವರೇ ನನ್ನನ್ನು ದಾಟಿಸಿದರು.

ಡಾಕ್ಟರರ ಎದುರು ನಿಂತಾಗ ನಾನು ಮಳೆಯಲ್ಲಿ ನೆನೆದು ಒದ್ದೆ. ಕೈಕಾಲು ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಅಪ್ಪ ಹಿಂದೆ ನೆಟ್ಟಗೆ ನಿಂತಿದ್ದರು. ಡಾಕ್ಟರು ನನ್ನನ್ನು ಕೂರಿಸಿ, ನಾಡಿ ಹಿಡಿದು, "ಎಷ್ಟು ದಿನದಿಂದ ಜ್ವರ?" ಎಂದರು.

"ಅವನಿಗೆ ಜ್ವರ ಅಲ್ಲ ಡಾಕ್ಟ್ರೆ" ಎಂದರು ಅಪ್ಪ. "ಅವನಿಗೆ ಇಂಜಿನ್."

ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ಅಪ್ಪನ ಎದೆಗೆ ಕೊಳವೆ ಇಟ್ಟು ಕೇಳಿದರು. ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಮಡಕೆ

ದೀಪಾವಳಿಗೆ ನಾಲ್ಕು ದಿನ ಇರುವಾಗ ಅಪ್ಪ ತೀರಿಕೊಂಡರು. ಚಿತೆ ಕಟ್ಟುವಾಗ ಸೋದರಮಾವ, "ಗಳವೂ ಅವರೊಟ್ಟಿಗೆ ಹೋಗಲಿ" ಎಂದರು. ಎಲ್ಲರಿಗೂ ಸರಿ ಕಂಡಿತು. ನಾನೇ ಹೋಗಿ ದೋಣಿಯ ಹಲಗೆಯ ಅಡಿಯಿಂದ ತಂದು ಕೊಟ್ಟೆ. ಮಾವ ಕತ್ತಿಯಿಂದ ತುಂಡು ಮಾಡಿ ಚಿತೆಗೆ ಇಟ್ಟರು. ಬಿದಿರು ಗೆಣ್ಣುಗೆಣ್ಣಿಗೂ ಸಿಡಿಯುತ್ತಾ ಉರಿಯಿತು.

ಬೂದಿಯನ್ನು ನಡುಹೊಳೆಯಲ್ಲಿ ಬಿಡಬೇಕೆಂದು ಅಪ್ಪ ಮೊದಲೇ ಹೇಳಿದ್ದರು. ಮೂರನೆಯ ದಿನ ಮಡಕೆ ಹಿಡಿದು ದೋಣಿಗೆ ಹತ್ತಿದೆವು. ಹೆಂಗಸರು ಹೋಗುವ ಕ್ರಮ ಇಲ್ಲ ಎಂದು ಯಾರೋ ಹೇಳಿದರು. "ನಲವತ್ತು ವರ್ಷ ಇವರಿಗೆ ಹೊಳೆಗೆ ಗಂಜಿ ತಂದದ್ದು ನಾನು" ಎಂದು ಅಮ್ಮ ಹತ್ತಿ ಕೂತು, ಮಡಕೆಯನ್ನು ನಡುವಿನ ಹಲಗೆಯ ಮೇಲೆ ಇಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಾವ ಮುಂದೆ, ನಾನು ಹಿಂದೆ. ಅಂತೂ ಅಪ್ಪ ನನ್ನ ದೋಣಿಯಲ್ಲಿ ಕೂತರು. ಇವತ್ತೊಂದು ದಿನ ನಿಲ್ಲಬೇಡ ಎಂದು ಮನಸ್ಸಿನಲ್ಲೇ ಇಂಜಿನಿಗೆ ಕೈಮುಗಿದೆ.

ನಡುಹೊಳೆಗೆ ಬಂದೆವು. ನಿಂತಿತು.

ನಾನೂ ಮಾವನೂ ಅಭ್ಯಾಸಬಲದಿಂದ ಒಟ್ಟಿಗೇ ಬಗ್ಗಿ ಹಲಗೆಯ ಅಡಿಗೆ ಕೈ ಹಾಕಿದೆವು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ನೆನಪಾಯಿತು. ತಲೆ ಎತ್ತಿ ಮುಖ ಮುಖ ನೋಡಿದೆವು, ಆಮೇಲೆ ಮಡಕೆ ನೋಡಿದೆವು.

"ಏನು ಹುಡುಕ್ತೀರಿ?" ಎಂದರು ಅಮ್ಮ. "ಅದೂ ಇದರಲ್ಲೇ ಉಂಟು."

ಮೊದಲು ಮಾವನ ಮೂಗಿನಿಂದ ಒಂದು ಶಬ್ದ ಬಂತು. ಮತ್ತೆ ನನಗೂ ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಗುತ್ತಾ ನಗುತ್ತಾ ಅತ್ತೆವು. ದೋಣಿ ತನ್ನ ಪಾಡಿಗೆ ತಿರುಗುತ್ತಿತ್ತು. ದಡದಲ್ಲಿ ಕಾಯುತ್ತಿದ್ದ ನೆಂಟರು, ದುಃಖದಲ್ಲಿ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡರಂತೆ.

"ಅವರು ಹೇಳಿದ ಜಾಗ ಇದೇ ಅಲ್ವಾ, ಇಲ್ಲೇ ಬಿಡುವ" ಎಂದರು ಅಮ್ಮ. ನಾನು ಮಡಕೆ ಬಗ್ಗಿಸಿದೆ. ಬೂದಿ ಸ್ವಲ್ಪ ದೂರ ದೋಣಿಯ ಬದಿಯಲ್ಲೇ ತೇಲಿತು, ಆಮೇಲೆ ಕಾಣಲಿಲ್ಲ. ಖಾಲಿ ಮಡಕೆಯನ್ನೂ ನೀರಿಗೆ ಬಿಟ್ಟೆ. ಕೈಗೆ ಬೇರೆ ಕೆಲಸ ಇರಲಿಲ್ಲ, ಸುಮ್ಮನೆ ಹಗ್ಗ ಎಳೆದೆ.

ಒಂದೇ ಎಳೆತಕ್ಕೆ ಇಂಜಿನ್ ಚಾಲೂ ಆಯಿತು.

ಮಾವ ಬಾಯಿ ತೆರೆದು ನೋಡಿದರು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು, ನೀರನ್ನೊಮ್ಮೆ ನೋಡಿದರು, ಇಂಜಿನನ್ನೊಮ್ಮೆ ನೋಡಿದರು.

"ನಿನ್ನ ಅಪ್ಪನಿಗೂ ಇದಕ್ಕೂ ಮೊದಲಿಂದಲೂ ಆಗ್ತಿರಲಿಲ್ಲ" ಎಂದರು.