ನೀಲಿ ಲಕೋಟೆಯ ಪುನಃಸ್ಥಾಪನೆ

ಸಾರ್ವಜನಿಕ ಗಡಿಯಾರಗಳ ನಿರ್ವಹಣಾ ಇಲಾಖೆಯ ಶಾಖಾ ಕಚೇರಿಯಲ್ಲಿರುವ ಮೊಬೈಲ್ ಫೋನುಗಳ ಸಂಖ್ಯೆ ಒಂದು. ಅದನ್ನು ಟಪಾಲು ಗುಮಾಸ್ತನ ಮೇಜಿಗೆ ಎರಡು ಅಡಿ ಸರಪಳಿಯಿಂದ ಬಿಗಿಯಲಾಗಿದೆ. ಇಲಾಖೆಯ ಪತ್ರಗಳೆಲ್ಲ ಈ ಫೋನಿನ ಇಮೇಲ್ ಆ್ಯಪ್ ಮೂಲಕವೇ ಬರತಕ್ಕದ್ದು, ಅದರ ಮೂಲಕವೇ ಹೋಗತಕ್ಕದ್ದು, ಬೇರೆ ಯಾವ ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆಯತಕ್ಕದ್ದಲ್ಲ ಎಂದು ನಾಲ್ಕು ವರ್ಷದ ಹಿಂದೆಯೇ ಆದೇಶವಾಗಿದೆ. ಆದೇಶ ಬಂದ ದಿನವೇ ಉಗ್ರಾಣಿಯವರು ಅಂಚೆ ಚೀಟಿಗಳ ಪೆಟ್ಟಿಗೆಯನ್ನು ಶಾಶ್ವತವಾಗಿ ಮುಚ್ಚಿದರು. ಬೀಗದ ಕೈ ಎಲ್ಲಾದರೂ ಕಳೆದುಹೋದೀತೆಂದು ಮೊದಲು ಅದನ್ನು ಪೆಟ್ಟಿಗೆಯೊಳಗೆ ಭದ್ರವಾಗಿಟ್ಟು, ಆಮೇಲೆ ಬೀಗ ಒತ್ತಿದರು.

ಟಪಾಲು ಗುಮಾಸ್ತನಿಗೆ ಈ ಫೋನಿನಿಂದ ಆಗಬೇಕಾದ ಸ್ವಂತ ಕೆಲಸ ಒಂದೇ ಒಂದು. ಅವನ ಹೆಂಡತಿ ಇದೇ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಅಲ್ಲಿಗೆ ಬಸ್ಸಿನಲ್ಲಿ ಆರು ಗಂಟೆಯ ದಾರಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ರಜೆ, ಅರ್ಧ ರಜೆ, ಜ್ವರದ ರಜೆ ಎಲ್ಲ ಸೇರಿಸಿದರೂ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಹದಿನಾಲ್ಕು ತಿಂಗಳು ದಾಟುತ್ತಿರಲಿಲ್ಲ. ವರ್ಗಾವಣೆ ಕೇಳಿ ಅವನು ಹನ್ನೊಂದು ಅರ್ಜಿ ಹಾಕಿದ್ದ. ಹನ್ನೊಂದೂ ಪರಿಶೀಲನೆಯಲ್ಲಿದ್ದವು. ಈಚೆಗೆ ಹಾಕಿದ ಹನ್ನೆರಡನೆಯದರ ಉತ್ತರಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಅಂಥ ಮನುಷ್ಯ ಆ ಇಮೇಲ್ ಆ್ಯಪನ್ನು ತನ್ನ ಕೈಯಾರೆ ಅಳಿಸಿಹಾಕಿದ್ದು ನಿಯಮಾನುಸಾರವಾಗಿಯೇ ನಡೆಯಿತು.

ವಾರ್ಷಿಕ ತಪಾಸಣೆಗೆ ಬಂದ ಅಧಿಕಾರಿಗಳು ಬಹಳ ಸೂಕ್ಷ್ಮದವರು. ಕುರ್ಚಿ, ಫ್ಯಾನು, ಹಗ್ಗ, ಗಡಿಯಾರದ ಮುಳ್ಳುಗಳು, ಒಂದೊಂದಕ್ಕೂ ಬೇಡಿಕೆ ಪತ್ರ ಎಲ್ಲಿದೆ ಎಂದು ಕೇಳುತ್ತ ಫೋನಿನವರೆಗೂ ಬಂದರು. ಫೋನಿನ ಬೇಡಿಕೆ ಪತ್ರವನ್ನು ಉಗ್ರಾಣಿ ತೋರಿಸಿದರು. ಅಧಿಕಾರಿಗಳು ಪರದೆಯ ಮೇಲಿದ್ದ ನೀಲಿ ಲಕೋಟೆಯ ಚಿತ್ರಕ್ಕೆ ಪೆನ್ಸಿಲ್ ತಾಗಿಸಿ, ಇದರದ್ದು ತೋರಿಸಿ ಎಂದರು. ಅದು ಫೋನಿನೊಳಗೇ ಬಂದದ್ದು ಸಾರ್ ಎಂದು ಗುಮಾಸ್ತ ಹೇಳಿದ. ಮೇಜಿನ ಖಾನೆಯೊಳಗೆ ಇಲಿ ಬಂದರೆ ಅದನ್ನೂ ಮೇಜಿನ ಜತೆ ಬಂದದ್ದು ಅಂತ ಸಾಕಿಕೊಳ್ಳುತ್ತೀರಾ ಎಂದು ಅವರು ಕೇಳಿದರು. ನಿಯಮ ಹದಿನಾಲ್ಕರ ಪ್ರಕಾರ ಬೇಡಿಕೆ ಪತ್ರವಿಲ್ಲದೆ ಬಂದ ವಸ್ತುವನ್ನು ಕಚೇರಿಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮೂರು ದಿನದೊಳಗೆ ತೆರವುಗೊಳಿಸಿ ವರದಿ ಮಾಡತಕ್ಕದ್ದು ಎಂದು ಷರಾ ಬರೆದು, ಚಹಾ ಕುಡಿದು ಹೋದರು.

ಅದೇ ರೀತಿ ಹೇಳದೆ ಕೇಳದೆ ಬಂದಿದ್ದ ಕ್ಯಾಮೆರಾ, ಟಾರ್ಚು, ಕ್ಯಾಲ್ಕುಲೇಟರುಗಳನ್ನೂ ತೆಗೆಯಲು ಗುಮಾಸ್ತ ನೋಡಿದ. ಅವು ಜಪ್ಪಯ್ಯ ಅಂದರೂ ಹೋಗಲಿಲ್ಲ. ಉಗ್ರಾಣಿಯವರು ಅವುಗಳನ್ನು ‘ಹೊರಹೋಗಲು ನಿರಾಕರಿಸಿದ ವಸ್ತುಗಳು’ ಎಂಬ ಹೊಸ ಶೀರ್ಷಿಕೆಯಡಿ ದಾಖಲು ಮಾಡಿದರು. ಇಮೇಲ್ ಆ್ಯಪ್ ಮಾತ್ರ ಸಭ್ಯವಾಗಿ ವರ್ತಿಸಿತು. ‘ಖಂಡಿತವಾಗಿ ಅಳಿಸಬೇಕೆ?’ ಎಂದು ಕೇಳಿತು. ಇಂಥ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಗುಮಾಸ್ತರಿಗಿಲ್ಲವಾದ್ದರಿಂದ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಸೂಪರಿಂಟೆಂಡೆಂಟರ ಮುಂದಿಡಲಾಯಿತು. ಅವರು ‘ಹೌದು’ ಎಂದು ಬರೆದು ರುಜು ಹಾಕಿದರು. ಗುಮಾಸ್ತ ಒತ್ತಿದ.

ಮುಂದಿನ ಒಂದು ವಾರ ಕೇಂದ್ರ ಕಚೇರಿಯಿಂದ ಒಂದೇ ಒಂದು ಪತ್ರ ಬರಲಿಲ್ಲ. ಜ್ಞಾಪನವಿಲ್ಲ, ತುರ್ತು ಜ್ಞಾಪನವಿಲ್ಲ. ಮೇಲಿನವರಿಗೆ ಕೊನೆಗೂ ನಮ್ಮ ಕೆಲಸ ಮೆಚ್ಚುಗೆಯಾಗಿದೆ ಎಂದು ಸೂಪರಿಂಟೆಂಡೆಂಟರು ಹಿರಿಹಿರಿ ಹಿಗ್ಗಿ, ಊಟದ ನಂತರ ಅರ್ಧ ಗಂಟೆ ನಿದ್ರಿಸುವ ಹಳೆಯ ಅಭ್ಯಾಸವನ್ನು ಮತ್ತೆ ಶುರು ಮಾಡಿದರು. ಎಂಟನೇ ದಿನ ಮಧ್ಯಾಹ್ನ ಗುಮಾಸ್ತನಿಗೆ ಹೆಂಡತಿಯ ಕರೆ ಬಂತು.

"ರೀ, ಏನು ಸುದ್ದೀನೇ ಇಲ್ಲ? ನಿಮ್ಮ ವರ್ಗಾವಣೆ ಆರ್ಡರ್ ಕಳಿಸಿ ಐದು ದಿನ ಆಯ್ತು. ನಾನೇ ಟೈಪ್ ಮಾಡಿದ್ದು."

ಹದಿನೈದು ದಿನದೊಳಗೆ ಒಪ್ಪಿಗೆಯನ್ನು ಇಮೇಲ್ ಮೂಲಕ ಕಳುಹಿಸತಕ್ಕದ್ದು, ತಪ್ಪಿದಲ್ಲಿ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗತಕ್ಕದ್ದು ಎಂದು ಆದೇಶದಲ್ಲಿ ಇದೆಯಂತೆ. ಹಾಗಾದರೆ ಇನ್ನು ಉಳಿದದ್ದು ಹತ್ತು ದಿನ. ನಡೆದದ್ದನ್ನು ಅವನು ಹೇಳಿದ. ಅದನ್ನು ಮತ್ತೆ ಹಾಕಿಕೊಳ್ಳೋಕೆ ಎರಡು ನಿಮಿಷ ಸಾಕು, ಆ್ಯಪ್ ಸ್ಟೋರಿಗೆ ಹೋಗಿ ಹುಡುಕಿ, ಪಕ್ಕದಲ್ಲೇ ಬಟನ್ ಇರುತ್ತೆ ಎಂದು ಅವಳು ಸಮಾಧಾನವಾಗಿಯೇ ವಿವರಿಸಿದಳು.

ಹುಡುಕಿದರೆ ಸಿಕ್ಕಿತು. ಪಕ್ಕದಲ್ಲಿ ‘ತೆಗೆದುಕೊಳ್ಳಿ’ ಎಂದೂ ಇತ್ತು. ಗುಮಾಸ್ತ ಸರಪಳಿ ಬಿಚ್ಚಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋದ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಅದು ತಗೊಳ್ಳಿ ಅಂದ ತಕ್ಷಣ ನಾವು ತಗೊಂಡ್ಬಿಡೋದೇನ್ರೀ? ಕೊಡ್ತಿರೋದು ಯಾರು?"

"ಯಾರೂ ಇಲ್ಲ ಸಾರ್. ಪುಕ್ಕಟೆ ಸಿಗುತ್ತೆ."

"ಪುಕ್ಕಟೆ," ಎಂದು ಅವರು ಕನ್ನಡಕ ತೆಗೆದರು. "ನೌಕರ ಪುಕ್ಕಟೆ ತಗೊಂಡರೆ ಅದಕ್ಕೆ ಉಡುಗೊರೆ ಅಂತಾರೆ. ನನ್ನ ಸರ್ವೀಸಲ್ಲಿ ಇನ್ನೂ ಎರಡು ವರ್ಷ ಇದೆ ಕಣ್ರೀ."

ಉಡುಗೊರೆ ಆಗಬಾರದೆಂದರೆ ಬೇಡಿಕೆ ಪತ್ರ ಹಾಕಿ ಮಂಜೂರಾತಿ ಪಡೆದು ತೆಗೆದುಕೊಳ್ಳಬೇಕು. ಬೇಡಿಕೆ ಪತ್ರವನ್ನು ಕಳೆದ ವರ್ಷದಿಂದ ಇಮೇಲಿನಲ್ಲಿ ಮಾತ್ರ ಸ್ವೀಕರಿಸಲಾಗುತ್ತಿದೆ. ಈ ತೊಡಕನ್ನು ಗುಮಾಸ್ತ ವಿನಯದಿಂದ ಗಮನಕ್ಕೆ ತಂದಾಗ ಸೂಪರಿಂಟೆಂಡೆಂಟರು ಸುದೀರ್ಘವಾಗಿ ಆಲೋಚಿಸಿ, ತೊಡಕು ನಿಯಮಬದ್ಧವಾಗಿಯೇ ಇದೆ ಎಂದು ಅಭಿಪ್ರಾಯಪಟ್ಟು ಕೈ ಎತ್ತಿಬಿಟ್ಟರು. ಉಗ್ರಾಣಿಯವರು ಮಾತ್ರ ತಮ್ಮ ಪಾಲಿನ ಕರ್ತವ್ಯ ಮಾಡಿದರು. ಬೇಡಿಕೆ ಪತ್ರವನ್ನು ಮೂರು ಪ್ರತಿ ತಯಾರಿಸಿ, ವಸ್ತುವಿನ ವಿವರ ಎಂಬಲ್ಲಿ ‘ಲಕೋಟೆ ಚಿತ್ರವುಳ್ಳ ಆ್ಯಪ್, ಬಣ್ಣ ನೀಲಿ, ಅಂಚು ದುಂಡಗೆ, ಒಂದು’ ಎಂದು ತುಂಬಿದರು. ಅದನ್ನು ಕಳುಹಿಸುವ ದಾರಿಯಿಲ್ಲದ್ದರಿಂದ ಫೋನಿನ ಕೆಳಗೇ ಮಡಿಸಿ ಇಟ್ಟರು.

ಕೇಂದ್ರ ಕಚೇರಿಯಲ್ಲಿ ಈ ವಿಷಯ ಹೇಗೆ ಗೊತ್ತಾಯಿತೋ ದಾಖಲೆಯಿಲ್ಲ. ಬೆರಳಚ್ಚುಗಾರ್ತಿಯೊಬ್ಬಳು ಊಟದ ಹೊತ್ತಿನಲ್ಲಿ ಆಡಳಿತ ಶಾಖೆಯ ಬಾಗಿಲಲ್ಲಿ ನಿಂತದ್ದನ್ನು ಕಂಡವರಿದ್ದಾರೆ. ಅಂತೂ ನಾಲ್ಕನೇ ದಿನಕ್ಕೆ ಒಂದು ಸುತ್ತೋಲೆ ಹೊರಟಿತು. ಅದರ ಸಾರಾಂಶ ಇಷ್ಟು: ಆ್ಯಪ್ ಇಲ್ಲದ ಕಚೇರಿಗಳಿಗೆ ಇಮೇಲುಗಳನ್ನು ಮುದ್ರಿಸಿ ವಿಶೇಷ ದೂತರ ಮೂಲಕ ಕೈಯಾರೆ ತಲುಪಿಸತಕ್ಕದ್ದು, ಹೀಗೆ ತಲುಪಿಸಿದ್ದನ್ನು ಇಮೇಲ್ ಎಂದೇ ಭಾವಿಸತಕ್ಕದ್ದು, ಏಳನೇ ಕಂಡಿಕೆಯ ಮೇರೆಗೆ, ಎಲ್ಲ ಇಮೇಲುಗಳಿಗೂ ಉತ್ತರ ಸಿದ್ಧವಾಗುವವರೆಗೆ ದೂತರು ಅಲ್ಲಿಯೇ ಕಾಯತಕ್ಕದ್ದು. ಬಸ್ಸಿನಲ್ಲಿ ಆರು ಗಂಟೆ ಕೂರಲು ಯಾರೂ ಮುಂದೆ ಬರಲಿಲ್ಲ. ಬೆರಳಚ್ಚುಗಾರ್ತಿ ಬಂದಳು.

ಗಡುವಿಗೆ ಎರಡು ದಿನ ಉಳಿದಿದ್ದಾಗ ಅವಳು ಖಾಕಿ ಬಟ್ಟೆಯ ಚೀಲ ಹೊತ್ತು ಕಚೇರಿಯ ಮೆಟ್ಟಿಲು ಹತ್ತಿದಳು. ಗುಮಾಸ್ತ ಎದ್ದು ನಿಂತ. ಕಚೇರಿ ವೇಳೆಯಾದ್ದರಿಂದ ಅವಳು ಸ್ವೀಕೃತಿ ಪುಸ್ತಕ ಮುಂದೆ ಹಿಡಿದಳು, ಅವನು ರುಜು ಹಾಕಿದ. ಇನ್ನೂರ ಹನ್ನೆರಡು ಇಮೇಲುಗಳಿದ್ದವು. ವರ್ಗಾವಣೆ ಆದೇಶ ಅವಳ ಕೈಚೀಲದಲ್ಲಿ, ಬಾಚಣಿಗೆಯ ಪಕ್ಕದಲ್ಲಿ ಬೇರೆಯಾಗಿತ್ತು. ಅವನು ಅದನ್ನು ಓದಿ, ನಿಂತ ನಿಲುವಿನಲ್ಲೇ ಒಪ್ಪಿಗೆ ಬರೆದು, ಸೂಪರಿಂಟೆಂಡೆಂಟರ ಶಿಫಾರಸಿಗೆ ಇಟ್ಟ.

ಅವರು ಪೆನ್ನು ತೆಗೆದದ್ದೇನೋ ನಿಜ. ಆದರೆ ಅಷ್ಟರಲ್ಲಿ ಉಗ್ರಾಣಿಯವರು ಅದೇ ಕಟ್ಟಿನ ನೂರ ತೊಂಬತ್ತನೇ ಇಮೇಲನ್ನು ತಂದರು. ಸರ್ಕಾರಿ ಫೋನಿನಿಂದ ಆ್ಯಪನ್ನು ಅಳಿಸಿದ್ದೇಕೆ ಎಂದು ಟಪಾಲು ಗುಮಾಸ್ತನಿಗೆ ಕಾರಣ ಕೇಳಿ ಬಂದ ನೋಟಿಸು. ವಿಚಾರಣೆ ಬಾಕಿಯಿರುವ ನೌಕರನನ್ನು ಬಿಡುಗಡೆ ಮಾಡುವಂತಿಲ್ಲ. ಹಾಗಾದರೆ ಇವತ್ತೇ ಉತ್ತರ ಕೊಡುತ್ತೇನೆ ಎಂದು ಗುಮಾಸ್ತ ಅಂಗಲಾಚಿದ. ನೋಟಿಸಿನ ಕೊನೆಯ ಸಾಲನ್ನು ಸೂಪರಿಂಟೆಂಡೆಂಟರು ಓದಿ ಹೇಳಿದರು: ಉತ್ತರವನ್ನು, ಅಳಿಸಲ್ಪಟ್ಟಿರುವ ಸದರಿ ಆ್ಯಪ್ ಮೂಲಕವೇ ಸಲ್ಲಿಸತಕ್ಕದ್ದು.

ಎರಡು ದಿನ ಕಳೆಯಿತು. ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು. ಗುಮಾಸ್ತನಿಗೆ ಅಳು ಬಂತು. ಟಪಾಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅತ್ತ. ಒಂಬತ್ತು ವರ್ಷ ಕಾದದ್ದು ಹೀಗೆ ಒಂದು ಬೆರಳಿನ ತುದಿಯಲ್ಲಿ ಹೋಯಿತಲ್ಲ ಎಂದು ಅವನಿಗೆ ತನ್ನ ಬೆರಳಿನ ಮೇಲೇ ಸಿಟ್ಟು. ಹೆಂಡತಿ ಬಾಗಿಲು ಮುಂದೆ ಮಾಡಿ ಬಂದು ಎದುರಿನ ಸ್ಟೂಲಿನಲ್ಲಿ ಕೂತಳು.

"ಇನ್ನೂರ ಹನ್ನೆರಡಕ್ಕೂ ಉತ್ತರ ಬರೆಯೋಕೆ ನಿಮಗೆ ಎಷ್ಟು ದಿನ ಬೇಕು?"

ಅವನು ಮೂಗು ಒರೆಸಿಕೊಂಡು, ಜೋರಾಗಿ ಬರೆದರೆ ನಾಲ್ಕು ದಿನ ಎಂದ.

"ಜೋರಾಗಿ ಯಾಕೆ ಬರೀತೀರಿ? ಏಳನೇ ಕಂಡಿಕೆ ಓದಲಿಲ್ವಾ?"

ಅವನು ಸುತ್ತೋಲೆ ತೆಗೆದು ಏಳನೇ ಕಂಡಿಕೆಯನ್ನು ಎರಡು ಸಲ ಓದಿದ. ಆಮೇಲೆ ಅವಳ ಮುಖ ನೋಡಿದ.

"ಇದನ್ನ ಬರೆದಿದ್ದು ಯಾರು?"

"ಬರೆದೋರು ಯಾರೋ ನನಗೇನು ಗೊತ್ತು. ಟೈಪ್ ಮಾಡಿದ್ದು ಮಾತ್ರ ನಾನು."

ಅಂದಿನಿಂದ ಕಚೇರಿಯ ಪತ್ರವ್ಯವಹಾರದಲ್ಲಿ ಒಂದು ಶಿಸ್ತು ಮೂಡಿತು. ಸೋಮವಾರ ಮಧ್ಯಾಹ್ನ ಚೀಲ ಬರುತ್ತಿತ್ತು. ಗುಮಾಸ್ತ ಒಂದೊಂದು ಪತ್ರಕ್ಕೂ ಕರಡು ಬರೆದು, ಕರಡನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ಕರಡಾಗಿ ಪರಿಗಣಿಸುತ್ತಿದ್ದ. ಶನಿವಾರ ಸಂಜೆಗೆ ಉತ್ತರಗಳು ಸಿದ್ಧವಾಗುತ್ತಿದ್ದವು. ಭಾನುವಾರ ದೂತರು ಹೋಗುತ್ತಿದ್ದರು, ಸೋಮವಾರ ಬರುತ್ತಿದ್ದರು. ಗುಮಾಸ್ತನ ಬಾಡಿಗೆ ಮನೆಯ ಗೂಟಕ್ಕೆ ಎರಡನೇ ಟವೆಲ್ ಬಂತು, ಕಿಟಕಿಗೆ ಪರದೆ ಬಂತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಬಟ್ಟೆ ಒಣಹಾಕುವ ವಿಷಯಕ್ಕೆ ಜಗಳವಾಡಿ, ಮೂರು ದಿನ ಮಾತು ಬಿಟ್ಟು, ಆಮೇಲೆ ನಕ್ಕರು.

ಉಳಿದವರಿಗೂ ತೊಂದರೆಯೇನೂ ಆಗಲಿಲ್ಲ. ತುರ್ತು ಎಂದು ಬರೆದ ಪತ್ರ ಕೈಸೇರುವಾಗ ತುರ್ತು ಮುಗಿದಿರುತ್ತಿತ್ತು. ಸೂಪರಿಂಟೆಂಡೆಂಟರ ನಿದ್ರೆ ಒಂದೂವರೆ ಗಂಟೆಗೆ ಏರಿತು. ಮುದ್ರಿತ ಇಮೇಲುಗಳನ್ನಿಡಲು ಉಗ್ರಾಣಿಯವರಿಗೆ ಬಹುದಿನದಿಂದ ಆಸೆಯಿದ್ದ ಕಬ್ಬಿಣದ ಬೀರು ಮಂಜೂರಾಯಿತು. ಮಾರುಕಟ್ಟೆಯ ಗಡಿಯಾರ ನಲವತ್ತು ನಿಮಿಷ ಮುಂದಿದೆ ಎಂಬ ದೂರು ಹೋಗಿ ಬರುವಷ್ಟರಲ್ಲಿ ಊರಿನವರೇ ನಲವತ್ತು ನಿಮಿಷ ಮುಂಚೆ ಏಳುವುದನ್ನು ರೂಢಿ ಮಾಡಿಕೊಂಡಿದ್ದರು.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ಒಂದು ಸೋಮವಾರ ಚೀಲದಲ್ಲಿ ಕೆಟ್ಟ ಸುದ್ದಿ ಬಂತು. ಮೊದಲ ವಾರದಲ್ಲೇ ದೂತರ ಕೈಯಲ್ಲಿ ಹೋಗಿದ್ದ ಬೇಡಿಕೆ ಪತ್ರ ಮಂಜೂರಾಗಿದೆ. ಆ್ಯಪ್ ಪುನಃಸ್ಥಾಪನಾ ಸಮಿತಿ ಗುರುವಾರ ಬರಲಿದೆ. ಹೆಂಡತಿ ಅಂದು ಸಂಜೆ ಮನೆಯ ಕಿಟಕಿಯ ಪರದೆಯನ್ನು ಸುಮ್ಮನೆ ಎರಡು ಸಲ ಎಳೆದು ಸರಿಮಾಡಿದಳು.

ಸಮಿತಿಯಲ್ಲಿ ಐದು ಜನ, ಎರಡು ಗಾಡಿ. ಒಬ್ಬರು ಒತ್ತುವವರು, ಒಬ್ಬರು ನೋಡುವವರು, ಒಬ್ಬರು ನೋಡುವವರು ನೋಡಿದರೆಂದು ದೃಢೀಕರಿಸುವವರು. ಉಳಿದಿಬ್ಬರು ಊಟದ ವ್ಯವಸ್ಥೆ ಎಲ್ಲಿ ಎಂದು ವಿಚಾರಿಸಿದರು. ‘ತೆಗೆದುಕೊಳ್ಳಿ’ ಒತ್ತಿದ ಹದಿನಾಲ್ಕನೇ ಸೆಕೆಂಡಿಗೆ ಆ್ಯಪ್ ಬಂದು ಕೂತಿತು. ಚಪ್ಪಾಳೆಯಾಯಿತು. ವಿಶೇಷ ದೂತರ ಸೇವೆಯನ್ನು ಕೃತಜ್ಞತೆಯೊಂದಿಗೆ ಈ ಕ್ಷಣದಿಂದ ಕೊನೆಗೊಳಿಸಲಾಗಿದೆ ಎಂದು ಸಮಿತಿ ಘೋಷಿಸಿ, ಊಟ ಮಾಡಿ, ಗಾಡಿ ಹತ್ತಿತು.

ಮೂಲೆಯಲ್ಲಿ ಖಾಲಿ ಚೀಲ ಮಡಿಸುತ್ತಿದ್ದ ಹೆಂಡತಿಯ ಕಡೆ ನೋಡಲು ಗುಮಾಸ್ತನಿಗೆ ಧೈರ್ಯ ಬರಲಿಲ್ಲ. ಅದರ ಬದಲು ಫೋನು ನೋಡಿದ. ನೋಡಿದವನು ಉಗ್ರಾಣಿಯವರನ್ನು ಕರೆದು, ದಾಸ್ತಾನು ಪುಸ್ತಕಕ್ಕೆ ಏರಿಸುವ ಮುಂಚೆ ಬೇಡಿಕೆ ಪತ್ರದ ಜತೆ ತಾಳೆ ನೋಡಬೇಕಲ್ಲವೇ ಎಂದು ಕೇಳಿದ. ಉಗ್ರಾಣಿಯವರು ಪತ್ರ ಬಿಡಿಸಿ, ಬೆರಳಿಟ್ಟು ಓದಿ, ಪರದೆಯ ಮೇಲೆ ಬಗ್ಗಿದರು. ತಯಾರಿಸಿದವರು ಈ ನಡುವೆ ಆ್ಯಪಿನ ಚಿತ್ರವನ್ನು ಬದಲಿಸಿದ್ದರು.

"ಸಾರ್," ಎಂದು ಉಗ್ರಾಣಿ ಗಂಭೀರವಾಗಿ ಕರೆದರು. "ನಾವು ಕೇಳಿದ್ದು ನೀಲಿ. ಬಂದಿರೋದು ಕೆಂಪು."

ಸೂಪರಿಂಟೆಂಡೆಂಟರು ಕೋಣೆಯಿಂದ ಹೊರಬಂದು ಕನ್ನಡಕ ಹಾಕಿಕೊಂಡರು. ಕೆಂಪಾಗಿತ್ತು. ಅಂಚು ಕೂಡ ದುಂಡಗಿರಲಿಲ್ಲ. ಆ ಅರ್ಧ ಗಂಟೆಯಲ್ಲೇ ಬಂದು ಸೇರಿದ್ದ ಮೂವತ್ತೊಂದು ತುರ್ತು ಜ್ಞಾಪನಗಳ ಸಂಖ್ಯೆ ಅದರ ನೆತ್ತಿಯ ಮೇಲೆ ಮಿನುಗುತ್ತಿತ್ತು. ಅವರು ಅದನ್ನೂ ನೋಡಿದರು. ಕೆಂಪು ಲಕೋಟೆಗೆ ಬೇಡಿಕೆ ಪತ್ರವಿಲ್ಲ. ಬೇಡಿಕೆ ಪತ್ರವಿಲ್ಲದೆ ಬಂದ ವಸ್ತುವನ್ನು ಏನು ಮಾಡಬೇಕೆಂದು ನಿಯಮ ಹದಿನಾಲ್ಕರಲ್ಲಿ ಸ್ಪಷ್ಟವಾಗಿದೆ. ಖಂಡಿತವಾಗಿ ಅಳಿಸಬೇಕೆ ಎಂಬ ಪ್ರಶ್ನೆಯನ್ನು ಈ ಸಲ ಕಾಗದದ ಮೇಲೆ ಬರೆದು ತರುವವರೆಗೂ ಅವರು ಕಾಯಲಿಲ್ಲ. ಖಾಲಿ ಹಾಳೆಯ ಮೇಲೆಯೇ ‘ಹೌದು’ ಬರೆದು ರುಜು ಹಾಕಿ ಕೊಟ್ಟರು.

ಗುಮಾಸ್ತ ಒತ್ತಿದ. ಆ್ಯಪ್ ಹಿಂದಿನಂತೆಯೇ ಸಭ್ಯವಾಗಿ ಹೋಯಿತು. ನೀಲಿ ಲಕೋಟೆಗಾಗಿ ಹೊಸ ಬೇಡಿಕೆ ಪತ್ರವನ್ನು ಅದೇ ದಿನ ಮೂರು ಪ್ರತಿ ತಯಾರಿಸಿ ಫೋನಿನ ಕೆಳಗಿಡಲಾಯಿತು. ದೂತರ ಸೇವೆ ಕೊನೆಗೊಂಡಿದೆ ಎಂಬ ಲಿಖಿತ ಆದೇಶ ಕೆಂಪು ಲಕೋಟೆಯೊಳಗೇ ಬಂದಿತ್ತಾದ್ದರಿಂದ ಅದು ಈ ಕಚೇರಿಗೆ ತಲುಪಿಲ್ಲವೆಂದು ತೀರ್ಮಾನವಾಯಿತು.

ಮುಂದಿನ ಸೋಮವಾರ ಮಧ್ಯಾಹ್ನ ಎಂದಿನಂತೆ ಚೀಲ ಬಂತು. ಮೊದಲು ಕೈಗೆ ಸಿಕ್ಕಿದ್ದು ಕೇಂದ್ರ ಕಚೇರಿಯ ಅಭಿನಂದನಾ ಪತ್ರ: ಆ್ಯಪ್ ಪುನಃಸ್ಥಾಪನೆ ಯಶಸ್ವಿಯಾಗಿದ್ದಕ್ಕೆ ಶಾಖಾ ಕಚೇರಿಯ ಸಮಸ್ತರಿಗೂ ಶ್ಲಾಘನೆ. ಸೂಪರಿಂಟೆಂಡೆಂಟರು ಅದನ್ನು ಎಲ್ಲರಿಗೂ ಓದಿ ಹೇಳಿ ಬೀರುವಿನಲ್ಲಿಡಿಸಿ, ನಿದ್ರೆಗೆ ಒಳಗೆ ಹೋದರು. ಹೆಂಡತಿ ಸ್ವೀಕೃತಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಉತ್ತರ ಯಾವಾಗ ರೆಡಿ ಆಗುತ್ತೆ ಅಂತ ಕೇಂದ್ರ ಕಚೇರಿಯೋರು ಕೇಳಿದಾರೆ."

ಗುಮಾಸ್ತ ಚೀಲ ಕೊಡವಿ ನೋಡಿದ. ಬೇರೇನೂ ಇರಲಿಲ್ಲ. ಬಂದದ್ದು ಒಟ್ಟು ಒಂದೇ ಒಂದು ಪತ್ರ, ಅದೂ ಅಭಿನಂದನೆಯದು. ಅವನು ಪೆನ್ನಿನ ಮುಚ್ಚಳ ತೆಗೆದು, ಸ್ವಲ್ಪ ಯೋಚಿಸಿ, ಮತ್ತೆ ಮುಚ್ಚಿದ.

"ಏನೇ ಅಂದ್ರೂ ಶನಿವಾರ ಆಗುತ್ತೆ ಅಂತ ಹೇಳು," ಎಂದ.