ಬಚ್ಚಲ ಬಾಗಿಲಿಗೆ ಗಾಳದ ದಾರ

ಈ ಸಲದ ಬಾಸ್ ಮೀನಿನ ಸ್ಪರ್ಧೆ ನನ್ನದೇ ಎಂದು ಮೆಕ್ಕೆಜೋಳದ ಗಂಜಿಯ ಬಟ್ಟಲ ಮುಂದೆ ಕೂತು ನಾನು ಘೋಷಿಸಿಬಿಟ್ಟೆ. ಅಲಬಾಮಾದ ನಮ್ಮೂರಿನಲ್ಲಿ ಪ್ರತಿ ವಸಂತಕ್ಕೂ ಚರ್ಚಿನವರು ನಡೆಸುವ ಸ್ಪರ್ಧೆ ಅದು. ಒಂದೇ ಮನೆಯ ಇಬ್ಬರು ಒಂದು ದೋಣಿಯಲ್ಲಿ ಹೋಗಬೇಕು. ಹಿಡಿದದ್ದರಲ್ಲಿ ದೊಡ್ಡ ಮೀನೊಂದನ್ನು ತೂಕಕ್ಕೆ ಇಡಬೇಕು. ಪ್ರತಿ ಸಲ ಗೆಲ್ಲುವವನು ನನ್ನ ಹೆಂಡತಿಯ ಅಣ್ಣ ಹೋಯ್ಟ್. ಗೆದ್ದ ಮೇಲೆ ಮುಂದಿನ ವಸಂತದವರೆಗೂ ಅವನ ಬಾಯಿಗೆ ಬಿಡುವಿಲ್ಲ. "ಏನು ಲೀಮನ್, ಈ ಸಲವೂ ಕೆರೆಗೆ ಸ್ನಾನಕ್ಕೆ ಬರ್ತೀಯೇನು?" ಎಂದು ಪೆಟ್ರೋಲ್ ಬಂಕಿನಲ್ಲಿ, ನಾಲ್ಕು ಜನರ ಎದುರಿಗೇ ಕೇಳುತ್ತಾನೆ.

ದನದ ಮೇವಿನ ಕಂಪನಿಯಲ್ಲಿ ನಾನು ಗುಮಾಸ್ತ. ಹಗಲೆಲ್ಲ ಬಾಸ್‌ಗೆ ಹೆದರಿಕೊಂಡೇ ಬದುಕುವವನು. ನೀರಿನಲ್ಲಾದರೂ ಒಂದು ಬಾಸ್ ನನಗೆ ಹೆದರಲಿ ಎಂಬ ಆಸೆ ತಪ್ಪೇ?

"ನೋಡು ರೋವೀನಾ, ಹೋದ ವರ್ಷ ನಾವು ಸೋತದ್ದು ದಾರದಿಂದ," ಎಂದೆ.

"ಹೋದ ವರ್ಷ ನಾವು ಸೋತದ್ದು ನೀನು ದೋಣಿಯಲ್ಲಿ ಗೊರಕೆ ಹೊಡೆದದ್ದರಿಂದ," ಎಂದಳು ನನ್ನ ಹೆಂಡತಿ.

ನಾನು ಅದನ್ನು ಕಿವಿಗೆ ಹಾಕಿಕೊಳ್ಳದೆ ಉಪನ್ಯಾಸ ಮುಂದುವರಿಸಿದೆ. ನೈಲಾನ್ ದಾರ ರಬ್ಬರಿನ ಹಾಗೆ ಹಿಗ್ಗುತ್ತದೆ. ನಾವು ಇಲ್ಲಿ ಎಳೆದದ್ದು ಮೀನಿಗೆ ತಲುಪುವಷ್ಟರಲ್ಲಿ ಅದು ಗಾಳ ಉಗುಳಿ ಮನೆಗೆ ಹೋಗಿರುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ, ಸರಿ. ಆದರೆ ತಿಳಿನೀರಿನಲ್ಲಿ ಹಗ್ಗದ ಹಾಗೆ ಕಾಣಿಸುತ್ತದೆ, ಬಂಡೆಗೆ ಉಜ್ಜಿದರೆ ಹರಿಯುತ್ತದೆ. ಅದಕ್ಕೇ ಹಿಂದೆ ಹೆಣೆದ ದಾರ, ಅದರ ಮುಂದೆ ಎರಡು ಮಾರು ಬೇರೆ ದಾರ. ಗಾಜಿನಷ್ಟು ತಿಳಿ, ತಂತಿಯಷ್ಟು ಗಟ್ಟಿ. ಅದಕ್ಕೆ ಲೀಡರ್ ಎಂದು ಹೆಸರು.

"ಲೀಡರ್ ಅಂದ್ರೆ ಹೀಗಿರಬೇಕು. ಇದ್ದರೂ ಯಾರ ಕಣ್ಣಿಗೂ ಕಾಣಿಸಬಾರದು," ಎಂದೆ.

"ಅಂಥ ಲೀಡರುಗಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಚುನಾವಣೆ ಮುಗಿದ ಮೇಲೆ ಒಬ್ಬರೂ ಕಾಣಿಸಲ್ಲ," ಎಂದು ರೋವೀನಾ ಬಟ್ಟಲು ಎತ್ತಿಕೊಂಡು ಹೋದಳು.

ಸ್ಪರ್ಧೆಯ ಹಿಂದಿನ ದಿನ ಅವಳು ಅಂಗಡಿಗೆ ಹೊರಟಳು. ಮಗ ಹೋಯ್ಟ್ ಗೆಲ್ಲುವುದನ್ನು ನೋಡಲೆಂದು ಬಂದು ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದ ಅತ್ತೆ ಆರ್ಡಿಸ್ ಕೂಡ ಜೊತೆಗೆ ಹೋದರೆಂದುಕೊಂಡೆ. ಮನೆ ಖಾಲಿ. ಎರಡು ದಾರ ಸೇರಿಸಿದ ಗಂಟಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದುಂಟೇ?

ಲೀಡರಿನ ತುದಿಯನ್ನು ಬಚ್ಚಲ ಬಾಗಿಲಿನ ಹಿಡಿಗೆ ಕಟ್ಟಿದೆ. ಬಂಡೆಗೆ ಉಜ್ಜಿದರೆ ತಾಳುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಬೇಕೆಂದೇ ಗೋಡೆಯ ಮೂಲೆಯನ್ನು ಬಳಸಿ ದಾರವನ್ನು ಅಡುಗೆಮನೆಗೆ ತಂದೆ. ಗಾಳದ ಕೋಲಿನ ರೀಲಿಗೆ ಬಿಗಿಯಾಗಿ ಸುತ್ತಿ, ಕೋಲನ್ನು ಫ್ರಿಜ್ಜಿಗೂ ಗೋಡೆಗೂ ನಡುವೆ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಹೀಗೇ ಜಗ್ಗಿಕೊಂಡಿರಲಿ ಎಂದು ಹಿಂದಿನ ಜಗಲಿಗೆ ಹೋದೆ.

ಅಲ್ಲಿ ಇನ್ನೊಂದು ಮಹತ್ಕಾರ್ಯ ಕಾದಿತ್ತು. ಮೀನನ್ನು ಮರುಳುಮಾಡುವ ಮರದ ಮೀನುಗಳಿಗೆ ಬಣ್ಣ ಆರಿಸಬೇಕು. ವಸಂತದಲ್ಲಿ ಬಾಸ್‌ಗೆ ಕೆಂಪು ಸೀಗಡಿಯ ಚಪಲ ಎಂದು ಬಲ್ಲವರು ಹೇಳುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಹಸಿರು, ಹಳದಿ, ಬೆಳ್ಳಿ, ಎಲ್ಲವೂ ಇತ್ತು. ಕೆಂಪು ಮಾತ್ರ ಇಲ್ಲ. ರೋವೀನಾಳ ಉಗುರಿನ ಬಣ್ಣದ ಸೀಸೆ ತಂದು ಒಂದು ಮೀನಿನ ಹೊಟ್ಟೆಗೆ ದಪ್ಪಗೆ ಬಳಿದೆ. ಆರಲೆಂದು ಅದನ್ನು ಅಡುಗೆಮನೆಯ ಕುರ್ಚಿಯ ಮೇಲೆ ಇಟ್ಟು ಬಂದೆ. ಅದರ ಹೊಟ್ಟೆಯಲ್ಲೊಂದು, ಬಾಲದಲ್ಲೊಂದು ಮೂರು ಮುಳ್ಳಿನ ಗಾಳ.

ಜಗಲಿಗೆ ಬಂದು ಎರಡನೇ ಮೀನು ಕೈಗೆತ್ತಿಕೊಂಡೆನೋ ಇಲ್ಲವೋ, ಒಳಗಿಂದ ರೀಲು "ಝುಂಯ್" ಎಂದಿತು.

ಆ ಸದ್ದು ಕೇಳಿದ ಮೇಲೆ ಮೀನುಗಾರನ ಕೈಕಾಲು ತಲೆಯ ಮಾತು ಕೇಳುವುದಿಲ್ಲ. ಓಡಿಹೋಗಿ ಕೋಲು ಹಿಡಿದೆ. ತುದಿ ಬಿಲ್ಲಿನ ಹಾಗೆ ಬಾಗಿತ್ತು. ಆ ಕಡೆಯಿಂದ ಜಗ್ಗಿತು; ನಾನು ಸುತ್ತಿದೆ. ಮತ್ತೆ ಜಗ್ಗಿತು, ಮತ್ತೆ ಸುತ್ತಿದೆ. ಮೂಲೆಯ ಆಚೆ ಬಾಗಿಲು ದಡ್ ದಡ್ ಎಂದು ಬಡಿದುಕೊಳ್ಳುತ್ತಿತ್ತು. ಏನೋ ಕೂಗಿದ ಹಾಗೂ ಕೇಳಿಸಿತು. ನನಗೆ ಅದ್ಯಾವುದರ ಪರಿವೆಯೂ ಇಲ್ಲ. ಗಂಟು ನಿಂತಿದೆ, ಮೂಲೆಗೆ ಉಜ್ಜಿದರೂ ಲೀಡರ್ ಹರಿದಿಲ್ಲ, ಇಷ್ಟು ಬಲದ ಬಾಸ್ ನನ್ನ ಜನ್ಮದಲ್ಲಿ ಸಿಕ್ಕಿಲ್ಲ! ಮನೆಯೊಳಗೆ ಬಾಸ್ ಎಲ್ಲಿಂದ ಬಂತು ಎಂಬ ಸಣ್ಣ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

"ಲೀಮನ್."

ಅಡುಗೆಮನೆಯ ಬಾಗಿಲಲ್ಲಿ ರೋವೀನಾ ನಿಂತಿದ್ದಳು. ಕೈಯಲ್ಲಿ ಹಾಲಿನ ಡಬ್ಬ. ಒಬ್ಬಳೇ.

"ಅಮ್ಮ ಎಲ್ಲಿ?" ಎಂದಳು.

"ನಿನ್ನ ಜೊತೆ ಬರಲಿಲ್ವಾ?"

"ಸ್ನಾನ ಮಾಡ್ತೀನಿ ಅಂತ ಮನೇಲೇ ಉಳಿದ್ರಲ್ಲ."

ಕೋಲಿನ ತುದಿ ತಾನಾಗಿ ಕೆಳಗಿಳಿಯಿತು. ದಾರ ಸಡಿಲವಾಯಿತು. ಅದೇ ಕ್ಷಣ ಆ ಕಡೆ ಬಾಗಿಲು ಒಳಕ್ಕೆ ಹಾರುಹೊಡೆದು ತೆರೆದುಕೊಂಡಿತು, ಏನೋ ಧೊಪ್ಪೆಂದು ಕೂತ ಸದ್ದಾಯಿತು. ನಾವು ಹೋಗಿ ನೋಡಿದರೆ ಅತ್ತೆ ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಆಸೀನರಾಗಿದ್ದರು. ತಲೆಗೆ ಟವೆಲ್ಲು, ಮುಖ ಕೆಂಡ. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ.

"ನಾನು ತೆಗೀತೀನಿ, ಅದು ಮುಚ್ಚಿಕೊಳ್ಳುತ್ತೆ. ನಾನು ತೆಗೀತೀನಿ, ಅದು ಮುಚ್ಚಿಕೊಳ್ಳುತ್ತೆ," ಎಂದರು ಅತ್ತೆ. "ದೆವ್ವ ಅಂದುಕೊಂಡೆ. ಪ್ರಾರ್ಥನೆ ಕೂಡ ಮಾಡಿದೆ. ನೋಡಿದ್ರೆ ಅಳಿಯ."

"ಅತ್ತೆ, ಗಂಟು ಪರೀಕ್ಷೆ ಮಾಡ್ತಿದ್ದೆ," ಎಂದೆ.

"ಪಾಸಾಯ್ತಾ?"

ನಾನು ಅಡುಗೆಮನೆಗೆ ಹಿಮ್ಮೆಟ್ಟಿದೆ. ಕುರ್ಚಿ ಎಳೆದು ಕೂತೆ.

ಕೂತಷ್ಟೇ ಬೇಗ ಎದ್ದೆ. ಕೆಂಪು ಮೀನು ನನ್ನ ಜೊತೆಗೇ ಎದ್ದಿತು.

ರೋವೀನಾ ನನ್ನನ್ನು ತಿರುಗಿಸಿ ನಿಲ್ಲಿಸಿ ನೋಡಿದಳು. ಅವಳು ಮೊದಲು ಕೇಳಿದ್ದು ನೋವಾಯಿತೇ ಎಂದಲ್ಲ. "ನನ್ನ ಉಗುರಿನ ಬಣ್ಣ ನಿನ್ನ ಪ್ಯಾಂಟಿನ ಹಿಂದೆ ಏನು ಮಾಡ್ತಿದೆ?" ಎಂದಳು.

ಕಾರಿನ ಹಿಂದಿನ ಸೀಟಿನಲ್ಲಿ ಬೋರಲು ಮಲಗಿ ಆಸ್ಪತ್ರೆಗೆ ಹೋದೆ. ಡಾಕ್ಟರೂ ಮೀನು ಹಿಡಿಯುವವರೇ. ಮುಳ್ಳು ಬಿಡಿಸುವುದಕ್ಕೆ ಮೊದಲು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಆ ಮರದ ಮೀನನ್ನೇ ನೋಡಿದರು.

"ಬಣ್ಣ ಚೆನ್ನಾಗಿದೆ. ಯಾವ ಅಂಗಡಿಯದು?" ಎಂದು ವಿಚಾರಿಸಿದರು.

"ನನ್ನ ಡ್ರೆಸ್ಸಿಂಗ್ ಟೇಬಲ್ಲಿನದು," ಎಂದಳು ರೋವೀನಾ.

ಗಾಯಕ್ಕೆ ಹೊಲಿಗೆ ಹಾಕಿ, ಒಂದು ವಾರ ಕೂರಬೇಡಿ ಎಂದು ಕಳಿಸಿದರು. ದೋಣಿಯಲ್ಲಿ ದಿನವಿಡೀ ನಿಂತಿರಲಾದೀತೇ? ನನ್ನ ಮೆರವಣಿಗೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ, "ಸ್ಪರ್ಧೆಗೆ ಒಂದೇ ಮನೆಯ ಇಬ್ಬರು ತಾನೇ? ನಾನೂ ಈಗ ಈ ಮನೆಯಲ್ಲೇ ಇದ್ದೀನಿ. ಕೋಲು ಕೊಡು," ಎಂದರು. ಕೊಡುವುದಿಲ್ಲ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ ತಾಯಿ ಮಗಳು ದೋಣಿ ಏರಿದರು. ನಾನು ದಡದಲ್ಲಿ ಕಂಬದ ಹಾಗೆ ನಿಂತೆ. ಹೋಯ್ಟ್ ತನ್ನ ಹೆಂಡತಿಯೊಡನೆ ಹಾದುಹೋಗುವಾಗ, "ಕೂತುಕೋ ಲೀಮನ್, ಕಾಲು ನೋಯುತ್ತೆ," ಎಂದು ನಕ್ಕ. ಸುದ್ದಿ ಆಗಲೇ ಊರು ಸುತ್ತಿತ್ತು.

ಮಧ್ಯಾಹ್ನ ತೂಕ ಶುರುವಾಯಿತು. ಹೋಯ್ಟ್ ಇಟ್ಟ ಮೀನಿಗೆ ಚಪ್ಪಾಳೆ ಬಿತ್ತು. ಆಮೇಲೆ ಅತ್ತೆ ದೋಣಿಯ ನೀರಿನ ತೊಟ್ಟಿಯಿಂದ ತಮ್ಮದನ್ನು ಎರಡು ಕೈಯಲ್ಲಿ ಎತ್ತಿದರು. ತಕ್ಕಡಿಯ ಮುಳ್ಳು ಹೋಯ್ಟ್‌ನ ಮೀನನ್ನು ದಾಟಿ ಎಲ್ಲೋ ಹೋಗಿ ನಿಂತಿತು. ಅತ್ತೆಯ ಮೀನಿನ ಬಾಯಿಯ ಅಂಚಿನಲ್ಲಿ ಉಗುರಿನ ಬಣ್ಣದ ಕೆಂಪು ಚಕ್ಕೆ ಅಂಟಿಕೊಂಡಿತ್ತು.

ಹೋಯ್ಟ್‌ನ ಮುಖ ಸಪ್ಪಗಾಯಿತು. "ಅಮ್ಮ, ಜನ್ಮದಲ್ಲಿ ಗಾಳ ಹಿಡಿದವಳಲ್ಲ ನೀನು. ಯಾರು ಕಲಿಸಿದ್ದು?" ಎಂದ.

ದಾರ ನನ್ನದು, ಗಂಟು ನನ್ನದು, ಬಣ್ಣ ನನ್ನದು. ನಾನು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಯಾರೂ ಕಲಿಸಲಿಲ್ಲ ಕಣೋ," ಎಂದರು ಅತ್ತೆ. "ನಿನ್ನೆ ಇವನ ದಾರದ ಆ ತುದೀಲಿ ನಾನೇ ಇದ್ದೆನಲ್ಲ. ಇವನು ಬಿಡದೆ ಎಳೀತಿದ್ದಷ್ಟು ಹೊತ್ತೂ ನನ್ನ ಆಟ ನಡೀಲಿಲ್ಲ. ಹೆಂಡತಿ ದನಿ ಕೇಳಿ ಕೈ ಸಡಿಲ ಬಿಟ್ಟ ನೋಡು, ಆಗ ತಪ್ಪಿಸಿಕೊಂಡೆ. ಅದಕ್ಕೇ ಇವತ್ತು ರೋವೀನಾಗೆ ಮೊದಲೇ ಹೇಳಿಬಿಟ್ಟಿದ್ದೆ, ಮೀನು ದೋಣಿಗೆ ಬರೋ ತನಕ ತುಟಿ ಬಿಚ್ಚಬೇಡ ಅಂತ."

ಚರ್ಚಿನ ಅಂಗಳದಲ್ಲಿ ಎಲ್ಲರೂ ನಗುತ್ತ ಊಟಕ್ಕೆ ಕೂತರು. ನಾನು ನಿಂತೇ ಉಂಡೆ.